ಲ್ಯಾಪ್‌ಟಾಪ್ ಕೀಬೋರ್ಡ್: 8 ಕೀ ಒಟ್ಟಿಗೆ ನಿಂತಿವೆ, ಒಂದು ಕೀ ಎರಡೆರಡು ಸಲ ಬೀಳುತ್ತಿದೆ. ಬದಲಿಸಲೇಬೇಕಾ?

ಪ್ರಶ್ನೆ

ಲ್ಯಾಪ್‌ಟಾಪ್ 4 ವರ್ಷ ಹಳೆಯದು, ವಿಂಡೋಸ್ 11. ಒಂದು ವಾರದಿಂದ 3, ಇ, ಡಿ, ಸಿ ಕೀಗಳು ಬೀಳುತ್ತಿಲ್ಲ. ಉಳಿದವನ್ನೂ ಒಂದೊಂದಾಗಿ ಒತ್ತಿ ನೋಡಿದಾಗ ಎಫ್1ರಿಂದ ಎಫ್4ರವರೆಗಿನವೂ ಸತ್ತಿರುವುದು ಗೊತ್ತಾಯಿತು. ಮಿಕ್ಕ ಎಲ್ಲ ಕೀಗಳೂ ಸರಿ. ಲ್ಯಾಪ್‌ಟಾಪ್ ತಣ್ಣಗಿರುವಾಗ, ಅಂದರೆ ಆನ್ ಮಾಡಿದ ಮೊದಲ 5–10 ನಿಮಿಷ, ಒಮ್ಮೊಮ್ಮೆ ಎಂಟೂ ಕೆಲಸ ಮಾಡುತ್ತವೆ. ಆಮೇಲೆ ಎಲ್ಲ ಒಟ್ಟಿಗೇ ಹೋಗುತ್ತವೆ.

ಇದಲ್ಲದೆ ಎನ್ ಕೀ ಒಂದು ಸಲ ಒತ್ತಿದರೆ ಎರಡು ಸಲ ಬೀಳುತ್ತದೆ. ಅದು ಎರಡು ಮೂರು ತಿಂಗಳಿಂದ ಇದೆ.

ನೀರು, ಕಾಫಿ ಏನೂ ಚೆಲ್ಲಿಲ್ಲ. ಯುಎಸ್‌ಬಿ ಕೀಬೋರ್ಡ್ ಹಾಕಿದರೆ ಎಲ್ಲ ಸರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿಯೂ ನೋಡಿದೆ, ಬದಲಾಗಲಿಲ್ಲ. ವಿಂಡೋಸ್ ಮತ್ತೆ ಹಾಕಬೇಕಾ, ಕೀಬೋರ್ಡ್ ಬದಲಿಸಬೇಕಾ, ಇಲ್ಲ ಮದರ್‌ಬೋರ್ಡ್ ತನಕ ಹೋಗಿದೆಯಾ? ತಿಳಿದವರು ಹೇಳಿ.

ಉತ್ತರ 1

ವಿಂಡೋಸ್ ಮುಟ್ಟಬೇಡಿ ಸರ್. ಯಾವ ಯಾವ ಕೀ ಸತ್ತಿವೆ ಎಂದು ನೀವು ಬರೆದಿರುವ ಪಟ್ಟಿಯಲ್ಲೇ ಅರ್ಧ ಉತ್ತರ ಇದೆ.

ಕೀಬೋರ್ಡಿನಲ್ಲಿ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ. 80ಕ್ಕೂ ಹೆಚ್ಚು ಕೀಗಳನ್ನು ಅಡ್ಡಗೆರೆ, ಉದ್ದಗೆರೆಗಳ ಒಂದು ಜಾಲದ ಮೇಲೆ ಕೂರಿಸಿರುತ್ತಾರೆ. 8 ಅಡ್ಡ, 16 ಉದ್ದ ಇದ್ದರೆ ಒಟ್ಟು 24 ಗೆರೆ ಸಾಕು, 128 ಕೀಗಳವರೆಗೆ ಜಾಗ ಸಿಗುತ್ತದೆ. ಕೀ ಒತ್ತಿದಾಗ ಒಂದು ಅಡ್ಡಗೆರೆಯೂ ಒಂದು ಉದ್ದಗೆರೆಯೂ ಮುಟ್ಟಿಕೊಳ್ಳುತ್ತವೆ. ಮದರ್‌ಬೋರ್ಡಿನ ಮೇಲಿರುವ ಕಂಟ್ರೋಲರ್ ಚಿಪ್ ಗೆರೆಗಳನ್ನು ಒಂದಾದ ಮೇಲೊಂದರಂತೆ ಸತತವಾಗಿ ಪರೀಕ್ಷಿಸುತ್ತಾ, ಯಾವ ಜೋಡಿ ಕೂಡಿದೆ ಎಂದು ನೋಡಿ ಯಾವ ಕೀ ಎಂದು ತೀರ್ಮಾನಿಸುತ್ತದೆ.

ಈಗ ನಿಮ್ಮ ಎಂಟು ಕೀ ನೋಡಿ. 3, ಇ, ಡಿ, ಸಿ ಮೇಲಿಂದ ಕೆಳಕ್ಕೆ ಓರೆಯಾಗಿ ಒಂದೇ ಸಾಲು. ಎಫ್1–ಎಫ್4 ದೂರದಲ್ಲಿದ್ದರೂ ಅದೇ ಉದ್ದಗೆರೆಗೆ ಸೇರಿಸುವ ವಿನ್ಯಾಸ ಬಳಕೆಯಲ್ಲಿದೆ. ಎಂಟು ಕೀ ಬೇರೆ ಬೇರೆ ಕಾರಣಕ್ಕೆ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ. ಒಂದು ಗೆರೆಯ ಸಂಪರ್ಕ ತಪ್ಪಿದೆ, ಅಷ್ಟೇ. ಬೇರೆಯವರಿಗೆ ಎ, ಎಸ್, ಡಿ, ಎಫ್, ಜೆ, ಕೆ ಹೀಗೆ ಅಡ್ಡಸಾಲು ಪೂರ್ತಿ ಹೋದರೆ, ಅದು ಇನ್ನೊಂದು ದಿಕ್ಕಿನ ಗೆರೆ. ಯಾವ ಗೆರೆಗೆ ಯಾವ ಕೀ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ.

ಗೆರೆ ತಪ್ಪುವ ಜಾಗ ಮೂರು. ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ ಕನೆಕ್ಟರಿನಲ್ಲಿ ಸರಿಯಾಗಿ ಕೂತಿಲ್ಲದಿರಬಹುದು, ರಿಬ್ಬನ್ ಮಡಿಚುವ ಜಾಗದಲ್ಲಿ ಗೆರೆ ಬಿರುಕು ಬಿಟ್ಟಿರಬಹುದು, ಅಥವಾ ಕೀಬೋರ್ಡಿನ ಒಳಹಾಳೆಯಲ್ಲಿ ಕಿಲುಬು ಹಿಡಿದು ತುಂಡಾಗಿರಬಹುದು. ಕಂಟ್ರೋಲರ್ ಚಿಪ್ಪಿನ ಒಂದೇ ಕಾಲು ಹೋಗುವುದು ಅಪರೂಪ, ಅದನ್ನು ಕೊನೆಗೆ ಅನುಮಾನಿಸಿ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಇಲ್ಲ ಎಂದಿದ್ದೀರಿ. ಅದು ಮೊದಲ ಎರಡರ ಕಡೆಗೇ ಬೆರಳು ತೋರಿಸುತ್ತದೆ. ಬಿಸಿಗೆ ಹಾಳೆ ಹಿಗ್ಗಿದಾಗ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ.

ಎನ್ ಕೀ ಬೇರೆಯೇ ಕಾಯಿಲೆ. ಅದು ಆ ಒಂದು ಕೀಯ ಕೆಳಗಿನ ಭಾಗದ್ದು. ಎರಡನ್ನೂ ಒಂದೇ ದೋಷ ಎಂದುಕೊಂಡು ಹುಡುಕಿದರೆ ದಾರಿ ತಪ್ಪುತ್ತೀರಿ.

ಬಿಚ್ಚುವ ಮೊದಲು ಒಂದೇ ಪರೀಕ್ಷೆ ಬಾಕಿ ಇದೆ: ವಿಂಡೋಸ್ ಹೊರಗೆ ಒತ್ತಿ ನೋಡುವುದು. ಎಫ್2 ಸತ್ತಿರುವುದರಿಂದ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಹೋಗಲು ತೊಡಕಾಗಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಡ್ವಾನ್ಸ್ಡ್ ಸ್ಟಾರ್ಟಪ್, ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಅಲ್ಲಿ ಪಾಸ್‌ವರ್ಡ್ ಇಡುವ ಚೌಕ ತೆರೆದು ಇ, ಡಿ, ಸಿ ಒತ್ತಿ. ಪ್ರತಿ ಅಕ್ಷರಕ್ಕೂ ಒಂದು ಚುಕ್ಕಿ ಬೀಳಬೇಕು. ನೋಡಿದ ಮೇಲೆ ಎಸ್ಕೇಪ್ ಒತ್ತಿ ಹೊರಬನ್ನಿ, ಯಾವ ಕಾರಣಕ್ಕೂ ಸೇವ್ ಮಾಡಬೇಡಿ. ಅಲ್ಲೂ ಬೀಳದಿದ್ದರೆ ಸಾಫ್ಟ್‌ವೇರ್ ಮಾತು ಮುಗಿಯಿತು.

ಓದುವ ಉಳಿದವರಿಗೆ ಒಂದು ಮಾತು. ಎಲ್ಲ ಕೀಗಳೂ ತಡವಾಗಿ ಬೀಳುತ್ತಿದ್ದರೆ ಬಲಗಡೆ ಶಿಫ್ಟ್ 8 ಸೆಕೆಂಡ್ ಒತ್ತಿದ್ದರಿಂದ ಫಿಲ್ಟರ್ ಕೀಸ್ (ಚುಟುಕಾದ ಅಥವಾ ಮರುಕಳಿಸಿದ ಒತ್ತನ್ನು ವಿಂಡೋಸ್ ಕಡೆಗಣಿಸುವ ಸೌಲಭ್ಯ) ಆನ್ ಆಗಿರುತ್ತದೆ. ಶಿಫ್ಟ್ 5 ಸಲ ಬಿದ್ದರೆ ಸ್ಟಿಕಿ ಕೀಸ್ (ಶಿಫ್ಟ್, ಕಂಟ್ರೋಲ್ ಕೀಗಳನ್ನು ಹಿಡಿದುಕೊಳ್ಳದೆ ಒಂದೊಂದಾಗಿ ಒತ್ತುವ ಸೌಲಭ್ಯ) ಬರುತ್ತದೆ. ಬಲಗಡೆ ನಂಬರ್ ಪ್ಯಾಡ್ ಇಲ್ಲದ ಹಳೆಯ ಮಾಡೆಲ್‌ಗಳಲ್ಲಿ ಜೆ, ಕೆ, ಎಲ್ ಒತ್ತಿದರೆ 1, 2, 3 ಬರುತ್ತಿದ್ದರೆ ನಂಬರ್ ಲಾಕ್ ಆನ್ ಆಗಿದೆ. ಪರೀಕ್ಷೆ ಮಾಡುವಾಗ ಕನ್ನಡ ಲೇಔಟ್ ತೆಗೆದು ಇಂಗ್ಲಿಷ್‌ಗೆ ಬನ್ನಿ. ಇಲ್ಲದಿದ್ದರೆ ಯಾವುದು ಕೀ ದೋಷ, ಯಾವುದು ಲೇಔಟ್ ಎಂದು ಗೊಂದಲವಾಗುತ್ತದೆ.

ಉತ್ತರ 2

ಬಿಚ್ಚುವ ಮೊದಲು ಬ್ಯಾಟರಿ ಉಬ್ಬಿದೆಯಾ ನೋಡಿ, ದಯವಿಟ್ಟು. 4 ವರ್ಷದ ಲ್ಯಾಪ್‌ಟಾಪಿನಲ್ಲಿ ಇದು ಆಗುವಂಥದ್ದೇ. ಅನೇಕ ಮಾಡೆಲ್‌ಗಳಲ್ಲಿ ಬ್ಯಾಟರಿ ಅಂಗೈ ಇಡುವ ಜಾಗದ ಕೆಳಗೇ ಇರುತ್ತದೆ. ಉಬ್ಬಿದರೆ ಕೀಬೋರ್ಡನ್ನೂ ರಿಬ್ಬನ್ನನ್ನೂ ಕೆಳಗಿನಿಂದ ಎತ್ತುತ್ತದೆ.

ಮುಚ್ಚಿ ಮಟ್ಟಸವಾದ ಮೇಜಿನ ಮೇಲಿಡಿ. ಯಾವುದಾದರೂ ಮೂಲೆ ಮೇಜಿಗೆ ತಾಗದೆ ಎದ್ದಿದೆಯಾ? ಟಚ್‌ಪ್ಯಾಡ್ ಅಂಚು ಎದ್ದಿದೆಯಾ, ಕ್ಲಿಕ್ ಗಟ್ಟಿಯಾಗಿದೆಯಾ? ಮುಚ್ಚಳ ಪೂರ್ತಿ ಕೂರದೆ ಸಂದಿ ಉಳಿಯುತ್ತದೆಯಾ? ಇದರಲ್ಲಿ ಯಾವುದಕ್ಕೇ ಹೌದು ಎಂದಾದರೂ ಚಾರ್ಜಿಗೆ ಹಾಕಬೇಡಿ. ಒತ್ತಿ ಮಟ್ಟ ಮಾಡಲು ಹೋಗಬೇಡಿ, ಲೋಹದ ಉಪಕರಣ ತಾಗಿಸಬೇಡಿ. ಲಿಥಿಯಂ ಸೆಲ್ ತೂತಾದರೆ ಬೆಂಕಿ ಹತ್ತುತ್ತದೆ. ಮೊದಲು ಬ್ಯಾಟರಿ ಬದಲಾಗಲಿ. ಒತ್ತಡ ಹೋದ ಮೇಲೆ ಕೀಬೋರ್ಡ್ ತಾನಾಗಿಯೇ ಸರಿಹೋಗುವುದೂ ಉಂಟು.

ಉತ್ತರ 3

ರಿಬ್ಬನ್ ತೆಗೆದು ಹಾಕುವ ಕ್ರಮ ಬರೆಯುತ್ತೇನೆ. ಇಲ್ಲಿ ಅವಸರ ಮಾಡಿದರೆ ಕನೆಕ್ಟರಿನ ಚಿಲಕ ಮುರಿಯುತ್ತದೆ. ಚಿಲಕ ಮುರಿದರೆ ಕೆಲಸ ಮದರ್‌ಬೋರ್ಡಿಗೆ ಹೋಗುತ್ತದೆ.

ಶಿಫ್ಟ್ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ, ಆಗ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಕೆಳಮುಚ್ಚಳದ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಮೇಲಿನ ಕವಚವನ್ನೋ ಬೋರ್ಡನ್ನೋ ಚುಚ್ಚುತ್ತದೆ. ಕೆಲವು ಸ್ಕ್ರೂ ರಬ್ಬರ್ ಪಾದದ ಅಡಿ ಅಡಗಿರುತ್ತವೆ. ಎಲ್ಲ ತೆಗೆದರೂ ಮುಚ್ಚಳ ಒಂದು ಕಡೆ ಹಿಡಿದುಕೊಂಡಿದ್ದರೆ ಎಳೆಯಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ. ಅಂಚಿನ ಕೊಕ್ಕೆ ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕು, ಸ್ಕ್ರೂಡ್ರೈವರ್ ತುರುಕಬೇಡಿ.

ಒಳಗೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ತಂತಿ ಹಿಡಿದು ಎಳೆಯದೆ ಪ್ಲಗ್ಗನ್ನೇ ಎರಡೂ ಕಡೆ ಸಮನಾಗಿ ಸರಿಸಿ. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತದೆ.

ಕೀಬೋರ್ಡಿನ ರಿಬ್ಬನ್ ಅಗಲವಾದದ್ದು. ಪಕ್ಕದಲ್ಲಿ ಕಿರಿದಾದ ಇನ್ನೊಂದು ಇದ್ದರೆ ಅದು ಬ್ಯಾಕ್‌ಲೈಟಿನದು. ಚಿಲಕ ಎರಡು ಥರ. ಒಂದು ಮೇಲಕ್ಕೆ ಮಗುಚುವಂಥದ್ದು: ಉಗುರಿನಿಂದ ಎತ್ತಿದರೆ ನೆಟ್ಟಗೆ ನಿಲ್ಲುತ್ತದೆ. ಇನ್ನೊಂದು ಹೊರಕ್ಕೆ ಜಾರುವಂಥದ್ದು: ಎರಡೂ ತುದಿಯನ್ನು ಸಮನಾಗಿ 1–2 ಮಿಲಿಮೀಟರ್ ಎಳೆದರೆ ಸಾಕು, ಪೂರ್ತಿ ಕಿತ್ತು ತೆಗೆಯುವಂಥದ್ದಲ್ಲ. ಚಿಲಕ ಸರಿಯಾಗಿ ತೆರೆದಿದ್ದರೆ ರಿಬ್ಬನ್ ಕಾಗದದಂತೆ ಹೊರಬರುತ್ತದೆ. ಬಲ ಬೇಕಾಯಿತು ಅಂದರೆ ಚಿಲಕ ಇನ್ನೂ ಹಿಡಿದಿದೆ.

ತೆಗೆಯುವ ಮೊದಲೇ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ರಿಬ್ಬನ್ ತುದಿಯ ಹತ್ತಿರ ಒಂದು ಅಡ್ಡಗೆರೆ ಮುದ್ರಿಸಿರುವುದು ಉಂಟು. ಅದು ಕನೆಕ್ಟರಿನ ಬಾಯಿಗೆ ಸಮಾನಾಂತರವಾಗಿರಬೇಕು. ಒಂದು ಕಡೆ ಅರ್ಧ ಮಿಲಿಮೀಟರ್ ಹೊರಗಿದ್ದರೂ ಆ ಕಡೆಯ ಗೆರೆಗಳು ತಪ್ಪುತ್ತವೆ.

ತುದಿಯನ್ನು ನೂಲು ಬಿಡದ ಬಟ್ಟೆಗೆ 90 ಶೇಕಡಾಕ್ಕಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ. ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ. 5 ನಿಮಿಷ ಒಣಗಿಸಿ, ನೇರವಾಗಿ ತಳ್ಳಿ, ಚಿಲಕ ಹಾಕಿ.

ಉತ್ತರ 1

ಮೇಲಿನ ಕ್ರಮ ಚೆನ್ನಾಗಿದೆ, ಒಂದು ತಿದ್ದುಪಡಿ. ಕಪ್ಪಾಗಿದ್ದರೆ ರಬ್ಬರಿನಿಂದ ಉಜ್ಜಬೇಡಿ. ಕೀಬೋರ್ಡ್ ರಿಬ್ಬನ್ನಿನ ತುದಿಗಳು ಎಷ್ಟೋ ಮಾಡೆಲ್‌ಗಳಲ್ಲಿ ಹುಟ್ಟಿನಿಂದಲೇ ಕಪ್ಪು, ಅದು ಕೊಳೆಯಲ್ಲ. ಬೆಳ್ಳಿ ಶಾಯಿಯ ಗೆರೆ ಕಿಲುಬು ಹಿಡಿಯದಿರಲಿ ಎಂದು ಮೇಲೆ ಇಂಗಾಲದ ಲೇಪ ಕೊಟ್ಟಿರುತ್ತಾರೆ. ಉಜ್ಜಿದರೆ ಲೇಪವೇ ಹೋಗಿ, ಅಡಿಯ ಬೆಳ್ಳಿ ಗಾಳಿಗೆ ತೆರೆದುಕೊಂಡು ಕೆಲವು ತಿಂಗಳಲ್ಲಿ ತೊಂದರೆ ಮರಳಿ ಬರುತ್ತದೆ. ರಬ್ಬರ್ ಏನಿದ್ದರೂ ಚಿನ್ನದ ಬಣ್ಣದ ಲೋಹದ ತುದಿಗೆ, ಅದೂ ಹಗುರವಾಗಿ.

ಉತ್ತರ 4

ಎನ್ ಕೀ ಬಗ್ಗೆ. ಒಂದೇ ಕೀ ಎರಡು ಸಲ ಬೀಳುತ್ತಿದೆ ಅಂದರೆ ಒತ್ತು ಸ್ವಚ್ಛವಾಗಿ ಬೀಳುತ್ತಿಲ್ಲ. ಒತ್ತುವಾಗ ಸಂಪರ್ಕ ಕೂಡಿ, ಕ್ಷಣ ಬಿಟ್ಟು, ಮತ್ತೆ ಕೂಡುತ್ತದೆ. ಇಂಥ ಅದುರುವಿಕೆ ಎಲ್ಲ ಕೀಗಳಲ್ಲೂ ಇರುತ್ತದೆ. ಕೆಲವು ಮಿಲಿಸೆಕೆಂಡ್ ಒಳಗಿನದ್ದನ್ನು ಕಂಟ್ರೋಲರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಮೀರಿದಾಗ ಎರಡನೇ ಅಕ್ಷರ ಬೀಳುತ್ತದೆ.

ಕೀಕ್ಯಾಪಿನ ಅಡಿಯಲ್ಲಿ ಕತ್ತರಿಯಂತೆ ಹೆಣೆದುಕೊಂಡ ಎರಡು ಪ್ಲಾಸ್ಟಿಕ್ ಚೌಕಟ್ಟು ಇರುತ್ತವೆ, ನಡುವೆ ಬಟ್ಟಲು ಬೋರಲು ಹಾಕಿದಂಥ ರಬ್ಬರ್ ಡೋಮ್. ಕತ್ತರಿಯ ಒಂದು ಕೊಕ್ಕೆ ಬಿಟ್ಟಿದ್ದರೆ ಕೀ ಓರೆಯಾಗಿ ಇಳಿಯುತ್ತದೆ. ಡೋಮ್ ಸರಿದಿದ್ದರೆ ನಡುವಿನ ಮೊಳೆ ಹಾಳೆಯ ಅಂಚಿಗೆ ಬಡಿಯುತ್ತದೆ. ಎರಡಕ್ಕೂ ಫಲ ಇದೇ. ಕೀಯ ನಾಲ್ಕೂ ಮೂಲೆಯನ್ನು ಬೇರೆ ಬೇರೆ ಒತ್ತಿ ನೋಡಿ. ಒಂದು ಮೂಲೆಯಲ್ಲಿ ಮಾತ್ರ ಎರಡು ಬಿದ್ದರೆ ಕತ್ತರಿ ಅಥವಾ ಡೋಮ್ ಸರಿದಿದೆ.

ಕೀಕ್ಯಾಪ್ ಯಾವ ಕಡೆಯಿಂದ ಎತ್ತಬೇಕು ಎಂಬುದು ಮಾಡೆಲ್ ಮೇಲೆ ನಿಂತಿದೆ. ತೆಳು ಪ್ಲಾಸ್ಟಿಕ್ ತುದಿಯನ್ನು ಒಂದು ಮೂಲೆಗೆ ತೂರಿಸಿ ಮೆಲ್ಲಗೆ ಎತ್ತಿ. ಟಕ್ ಎಂದು ಒಂದು ಕಡೆ ಬಿಟ್ಟ ಮೇಲೆ ಎದುರು ಕಡೆಗೆ ಜಾರಿಸಿ ತೆಗೆಯಿರಿ, ಎರಡೂ ಕಡೆ ಒಟ್ಟಿಗೆ ಎತ್ತಿದರೆ ಕೊಕ್ಕೆ ಮುರಿಯುತ್ತದೆ. ಸ್ಪೇಸ್, ಎಂಟರ್, ಶಿಫ್ಟ್ ಅಡಿಯಲ್ಲಿ ಉಕ್ಕಿನ ಸಣ್ಣ ಸರಳು ಇರುತ್ತದೆ. ಅನುಭವ ಇಲ್ಲದೆ ಅವನ್ನು ತೆಗೆಯಬೇಡಿ.

ಒಳಗಿನ ಧೂಳು, ಕೂದಲನ್ನು ಚಿಮುಟದಿಂದ ತೆಗೆಯಿರಿ. ಗಾಳಿ ಕ್ಯಾನ್ ಬಳಸಿದರೆ ಅದನ್ನು ನೆಟ್ಟಗೇ ಹಿಡಿದು ಚಿಕ್ಕ ಚಿಕ್ಕದಾಗಿ ಊದಿ, ತಲೆಕೆಳಗಾದರೆ ಒಳಗಿನ ತಣ್ಣನೆ ದ್ರವವೇ ಹೊರಬರುತ್ತದೆ. ಡೋಮ್ ಅಂಚು ಬಿಟ್ಟಿದ್ದರೆ ಮಧ್ಯಕ್ಕೆ ತಂದು, ಒಣಗಿದ ಮೇಲೂ ಬಾಗುವಂಥ ಅಂಟನ್ನು ಸೂಜಿಮೊನೆಯಲ್ಲಿ ಎರಡು ಕಡೆ ಮಾತ್ರ ಮುಟ್ಟಿಸಿ. ಸೂಪರ್‌ಗ್ಲೂ ಬೇಡ. ಅದು ಒಳಕ್ಕೆ ಹರಿದು ಗಟ್ಟಿಯಾದರೆ ಕೀ ಒತ್ತಲಿಕ್ಕೇ ಆಗುವುದಿಲ್ಲ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಲ್ಟರ್ ಕೀಸ್ ಒಳಗೆ ಬೌನ್ಸ್ ಕೀಸ್ ಎಂಬ ಆಯ್ಕೆ ಇದೆ, ಎರಡನೇ ಒತ್ತನ್ನು ಬಿಟ್ಟುಬಿಡುತ್ತದೆ. ಆದರೆ ಅಲ್ಲಿ ಅತಿ ಕಡಿಮೆ ಅವಧಿಯೇ ಅರ್ಧ ಸೆಕೆಂಡ್. ವೇಗವಾಗಿ ಟೈಪ್ ಮಾಡುವವರಿಗೆ ನಿಜವಾದ ಜೋಡಿ ಅಕ್ಷರಗಳೂ ಹೋಗುತ್ತವೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಬಯಾಸ್‌ನಲ್ಲೂ ಇ, ಡಿ, ಸಿ ಬೀಳಲಿಲ್ಲ. ಬ್ಯಾಟರಿ ಉಬ್ಬಿಲ್ಲ. ಎನ್ ಕೀಯ ಡೋಮ್ ಒಂದು ಕಡೆ ಅಂಟು ಬಿಟ್ಟು ಸರಿದಿತ್ತು, ಸರಿ ಮಾಡಿದ ಮೇಲೆ ಒಂದೇ ಸಲ ಬೀಳುತ್ತಿದೆ.

ರಿಬ್ಬನ್ ನೇರವಾಗಿಯೇ ಕೂತಿತ್ತು. ಒರೆಸಿ ಹಾಕಿದ ಮೇಲೆ ಎಂಟೂ ಕೀ 2 ದಿನ ಸರಿಯಿದ್ದವು, ಈಗ ಮತ್ತೆ ಇಲ್ಲ. ರಿಬ್ಬನ್ ಕೀಬೋರ್ಡಿನಿಂದ ಹೊರಬರುವ ಕಡೆ ಮಡಿಕೆಯ ಮೇಲೆ ಅಡ್ಡಲಾಗಿ ತೆಳ್ಳಗೆ ಬಿಳಿ ಗೀರು ಕಾಣುತ್ತಿದೆ. ಅಲ್ಲಿ ಬೆರಳಿನಿಂದ ಒತ್ತಿ ಹಿಡಿದರೆ ಡಿ ಬೀಳುತ್ತದೆ, ಬಿಟ್ಟರೆ ಇಲ್ಲ.

ಉತ್ತರ 1

ದೋಷದ ಜಾಗ ಸಿಕ್ಕಿತು. ಆ ಬಿಳಿ ಗೀರಿನ ಕೆಳಗೆ ಒಂದು ಗೆರೆ ಬಿರುಕು ಬಿಟ್ಟಿದೆ. ಮದರ್‌ಬೋರ್ಡ್ ಚಿಂತೆ ಬಿಡಿ. ಒತ್ತಿದಾಗ ಕೀ ಬೀಳುತ್ತದೆ ಅಂದರೆ ಅದರ ಕಡೆ ಎಲ್ಲ ಸರಿಯಿದೆ.

ಖಚಿತಪಡಿಸಿಕೊಳ್ಳಲು, ಬ್ಯಾಟರಿ ತೆಗೆದು ರಿಬ್ಬನ್ ಹೊರಗಿರುವಾಗ ಮಲ್ಟಿಮೀಟರನ್ನು ಓಮ್‌ಗೆ ಇಡಿ. ಒಂದು ಮೊನೆ ರಿಬ್ಬನ್ ತುದಿಗೆ, ಇನ್ನೊಂದು ಗೀರಿನ ಆಚೆ ಅದೇ ಗೆರೆಗೆ. ಬೀಪ್ ಶಬ್ದ ನಂಬಬೇಡಿ. ಬೆಳ್ಳಿ ಶಾಯಿಗೂ ಇಂಗಾಲಕ್ಕೂ ತಮ್ಮದೇ ರೋಧ ಇರುವುದರಿಂದ ಒಳ್ಳೆಯ ಗೆರೆಯೂ ಬೀಪ್ ಕೊಡದೇ ಹೋಗಬಹುದು. ಪಕ್ಕದ ಗೆರೆಗಳ ಅಂಕಿಯೊಂದಿಗೆ ಹೋಲಿಸಿ: ಒಂದು ಮಾತ್ರ ಅಂಕಿಯೇ ತೋರಿಸದಿದ್ದರೆ, ಅಥವಾ ಬಗ್ಗಿಸಿದಾಗ ಅಂಕಿ ಕುಣಿದರೆ, ಅದೇ.

ಬೆಸುಗೆ ಹಾಕಲು ಹೋಗಬೇಡಿ, ಕಾವಿಗೆ ಹಾಳೆಯೇ ಕರಗುತ್ತದೆ. ಆಗುವುದು ಬೆಳ್ಳಿಯ ವಾಹಕ ಬಣ್ಣ. ಗೀರಿನ ಎರಡೂ ಕಡೆ 2–3 ಮಿಲಿಮೀಟರ್ ಮೇಲಿನ ಹೊದಿಕೆಯನ್ನು ಬ್ಲೇಡಿನ ಬೆನ್ನಿನಿಂದ ಮೆಲ್ಲಗೆ ಕೆರೆದು ಗೆರೆ ಕಾಣುವಂತೆ ಮಾಡಿ. ಅಕ್ಕಪಕ್ಕದ ಗೆರೆಗಳ ಮೇಲೆ ತೆಳು ಟೇಪ್ ಹಾಕಿ, ನಡುವಿನ ಸಂದಿಯಲ್ಲಿ ಸೂಜಿಮೊನೆಯಿಂದ ಬಣ್ಣ ಎಳೆಯಿರಿ. ದಪ್ಪಗೆ ಒಂದೇ ಸಲ ಬಳಿಯದೆ ತೆಳ್ಳಗೆ ಎರಡು ಸಲ. 24 ಗಂಟೆ ಬಿಡಿ. ಆಮೇಲೆ ಆ ಗೆರೆಯಲ್ಲಿ ಅಂಕಿ ಬರುತ್ತಿದೆಯಾ, ಪಕ್ಕದ ಗೆರೆಗೆ ಸೋರಿಕೆ ಇಲ್ಲವಾ, ಎರಡನ್ನೂ ಅಳೆಯಿರಿ. ಮೇಲೆ ಕ್ಯಾಪ್ಟಾನ್ ಟೇಪ್ (ವಿದ್ಯುತ್ ಹರಿಯಗೊಡದ ತೆಳು ಟೇಪ್) ಹಾಕಿ. ಒಣಗಿದ ಬಣ್ಣ ಬಗ್ಗಿದರೆ ಸಿಡಿಯುತ್ತದೆ, ಆದ್ದರಿಂದ ಅಲ್ಲಿ ಮತ್ತೆ ಮಡಿಚದಂತೆ ರಿಬ್ಬನ್ ಬಾಗುವ ಜಾಗವನ್ನು ಸ್ವಲ್ಪ ಮುಂದಕ್ಕೆ ತನ್ನಿ.

ನನ್ನ ಅಭಿಪ್ರಾಯ: ಇದು ಹೊಸ ಕೀಬೋರ್ಡ್ ಬರುವವರೆಗಿನ ದುರಸ್ತಿ. ಅದೇ ಮಡಿಕೆಯ ಮೇಲೆ ಉಳಿದ ಗೆರೆಗಳೂ ಇವೆ, ಅವೂ ಅಷ್ಟೇ ದಣಿದಿವೆ.

ಹೊಸದು ತರಿಸುವಾಗ ಲ್ಯಾಪ್‌ಟಾಪ್ ಹೆಸರು ನೋಡಿ ತರಿಸಬೇಡಿ, ಕೀಬೋರ್ಡಿನ ಬೆನ್ನಿಗಿರುವ ಚೀಟಿಯ ಪಾರ್ಟ್ ನಂಬರ್ ನೋಡಿ. ಒಂದೇ ಮಾಡೆಲ್ ಹೆಸರಿನಲ್ಲಿ ಬ್ಯಾಕ್‌ಲೈಟ್ ಇರುವುದು, ಇಲ್ಲದ್ದು, ಎಂಟರ್ ಅಡ್ಡ ಇರುವುದು, ಎರಡು ಸಾಲಿನ ಎತ್ತರ ಇರುವುದು ಎಲ್ಲ ಬರುತ್ತವೆ. ರಿಬ್ಬನ್ ಹೊರಡುವ ಜಾಗ, ಅದರ ಅಗಲ, ಉದ್ದ ಹಳೆಯದರಂತೆಯೇ ಇರಬೇಕು. ಪವರ್ ಬಟನ್ ಕೀಬೋರ್ಡಿನಲ್ಲೇ ಇದೆಯಾ ಎಂದೂ ನೋಡಿ.

ಸ್ಕ್ರೂ ಹಾಕಿ ಕೂರಿಸಿದ ಕೀಬೋರ್ಡ್ ಆದರೆ ಅರ್ಧ ಗಂಟೆಯ ಕೆಲಸ. ಆದರೆ ಈಗಿನ ತೆಳು ಮಾಡೆಲ್‌ಗಳಲ್ಲಿ ಮೇಲಿನ ಕವಚಕ್ಕೆ ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಕೂರಿಸಿರುತ್ತಾರೆ, 50ಕ್ಕೂ ಮಿಕ್ಕಿ ಇರುವುದುಂಟು. ಅವುಗಳ ತಲೆಯನ್ನಷ್ಟೇ ಚೂಪು ಬ್ಲೇಡಿನಿಂದ ಕತ್ತರಿಸಿ, ಬುಡ ಉಳಿಸಿಕೊಳ್ಳಬೇಕು. ಹೊಸದು ಕೂರಿಸಿದ ಮೇಲೆ ಬುಡಗಳನ್ನು ಬೆಸುಗೆ ಕಡ್ಡಿಯ ಕಡಿಮೆ ಕಾವಿನಲ್ಲಿ ಮತ್ತೆ ಕರಗಿಸಿ ಒತ್ತಬೇಕು. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ. ನಡುವಿನ ಮೊಳೆಗಳನ್ನು ಬಿಟ್ಟುಬಿಟ್ಟರೆ ಜಿ, ಎಚ್, ಬಿ ಸುತ್ತ ಒತ್ತಿದಾಗ ಕೀಬೋರ್ಡ್ ತೂಗುತ್ತದೆ. ಇಷ್ಟು ಮಾಡಲು ತಾಳ್ಮೆ ಇಲ್ಲದಿದ್ದರೆ ಕವಚದ ಸಮೇತ ಬರುವ ಕೀಬೋರ್ಡ್ ತರಿಸುವುದೇ ಮೇಲು. ಅದರಲ್ಲಿ ಮದರ್‌ಬೋರ್ಡ್, ಬ್ಯಾಟರಿ ಎಲ್ಲವನ್ನೂ ಆಚೆಯಿಂದ ಈಚೆಗೆ ಸಾಗಿಸಬೇಕು ಎಂಬುದೊಂದು ನೆನಪಿರಲಿ.

ಉತ್ತರ 5

ಇದೇ ಜಾಗದಲ್ಲಿ ಕೇಳುತ್ತಿದ್ದೇನೆ. ಕಾಫಿ ಚೆಲ್ಲಿದ ಮೇಲೆ ಡಿ ಒತ್ತಿದರೆ ಡಿ ಮತ್ತು ಎಫ್ ಎರಡೂ, ಸಿ ಒತ್ತಿದರೆ ಸಿ ಮತ್ತು ವಿ, 3 ಒತ್ತಿದರೆ 3 ಮತ್ತು 4 ಬೀಳುತ್ತಿವೆ. ಅಕ್ಕಿ ಚೀಲದಲ್ಲಿ ಒಂದು ದಿನ ಇಟ್ಟಿದ್ದಾಯಿತು.

ಉತ್ತರ 1

ನಿಮ್ಮದು ಇದಕ್ಕೆ ತದ್ವಿರುದ್ಧ. ಅವರಲ್ಲಿ ಗೆರೆ ತುಂಡಾಗಿದೆ, ನಿಮ್ಮಲ್ಲಿ ಅಕ್ಕಪಕ್ಕದ ಎರಡು ಗೆರೆ ಒಂದಕ್ಕೊಂದು ಸೇರಿಕೊಂಡಿವೆ. 3, ಡಿ, ಸಿ ಇರುವ ಗೆರೆಗೂ 4, ಎಫ್, ವಿ ಇರುವ ಗೆರೆಗೂ ನಡುವೆ ಸಕ್ಕರೆಯ ಅಂಟು ಸೇತುವೆ ಕಟ್ಟಿದೆ. ಇ ಒತ್ತಿದರೆ ಆರ್ ಕೂಡ ಬೀಳುತ್ತದಾ ನೋಡಿ. ಬಿದ್ದರೆ ಅನುಮಾನವೇ ಬೇಡ.

ಅಕ್ಕಿ ಇದಕ್ಕೆ ಉಪಯೋಗವಿಲ್ಲ. ದ್ರವ ನಿಂತಿರುವುದು ಒಂದರ ಮೇಲೊಂದು ಅಂಟಿದ ಮೂರು ಪ್ಲಾಸ್ಟಿಕ್ ಹಾಳೆಗಳ ನಡುವೆ. ಅಲ್ಲಿಗೆ ಗಾಳಿಯೇ ಆಡುವುದಿಲ್ಲ, ಅಕ್ಕಿ ಹೀರುವುದೇನನ್ನು? ನೀರು ಆರಿದರೂ ಸಕ್ಕರೆ ಅಲ್ಲೇ ಉಳಿಯುತ್ತದೆ. ಒದ್ದೆ ಇರುವಾಗ ಆನ್ ಮಾಡಿದಷ್ಟೂ ಗೆರೆಗಳ ನಡುವಿನ ವಿದ್ಯುತ್ತಿಗೆ ಬೆಳ್ಳಿ ಕರಗಿ ಆಚೆ ಗೆರೆಯ ಕಡೆಗೆ ಸರಿಯುತ್ತದೆ. ಮೊದಲ ದಿನ ಎರಡು ಅಕ್ಷರ, ವಾರದ ಮೇಲೆ ಪೂರ್ತಿ ಸಾಲು ಸಾಯುವುದು ಹೀಗೆ. ಹಾಳೆಗಳೊಳಗೆ ಆಲ್ಕೊಹಾಲ್ ಹುಯ್ಯುವುದೂ ಬೇಡ, ಅಂಟು ಬಿಡಿಸಿ ಸಕ್ಕರೆಯನ್ನು ಇನ್ನಷ್ಟು ಹರಡುತ್ತದೆ.

ಈಗಲೇ ಆಫ್ ಮಾಡಿ, ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಮದರ್‌ಬೋರ್ಡ್ ಮೇಲೆ ಕಾಫಿ ಇಳಿದಿದೆಯಾ ಎಂದು ನೋಡುವುದು ಕೀಬೋರ್ಡಿಗಿಂತ ಮುಖ್ಯ. ಅಲ್ಲಿ ಕಂದು ಕಲೆಯೋ ಹಸಿರು ಕಿಲುಬೋ ಕಂಡರೆ ಐಸೊಪ್ರೊಪೈಲ್ ಮತ್ತು ಮೆದು ಬ್ರಷ್ಷಿನಿಂದ ತೊಳೆಯಬೇಕು, ಬೋರ್ಡಿಗೆ ಆಲ್ಕೊಹಾಲ್ ಸರಿಯಾದದ್ದೇ. ಕೀಬೋರ್ಡ್ ಮಾತ್ರ ಬದಲಿಸುವುದೇ ದಾರಿ.

ಅಲ್ಲಿಯವರೆಗೆ ಕೆಲಸ ನಡೆಯಬೇಕಾದರೆ ಬೋರ್ಡ್ ಸ್ವಚ್ಛ ಎಂದು ಖಚಿತವಾದ ಮೇಲೆ ಕೀಬೋರ್ಡಿನ ರಿಬ್ಬನ್ ಕಳಚಿಟ್ಟು ಯುಎಸ್‌ಬಿ ಕೀಬೋರ್ಡ್ ಬಳಸಿ. ತಾನಾಗಿ ಅಕ್ಷರ ಬೀಳುವುದೂ ನಿಲ್ಲುತ್ತದೆ. ಪವರ್ ಬಟನ್ ಕೀಬೋರ್ಡಿನಲ್ಲೇ ಇರುವ ಮಾಡೆಲ್ ಆದರೆ ರಿಬ್ಬನ್ ತೆಗೆದ ಮೇಲೆ ಆನ್ ಆಗುವುದಿಲ್ಲ. ಚಾರ್ಜರ್ ಹಾಕಿದ ಕೂಡಲೇ ಆನ್ ಆಗುವ ಆಯ್ಕೆ ಕೆಲವು ಬಯಾಸ್‌ಗಳಲ್ಲಿದೆ, ಇದ್ದರೆ ಅದನ್ನು ರಿಬ್ಬನ್ ಕಳಚುವ ಮೊದಲೇ ಸೆಟ್ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಬೆಳ್ಳಿ ಬಣ್ಣ ಎಳೆದು ಒಂದು ದಿನ ಬಿಟ್ಟೆ. ತುಂಡಾದ ಗೆರೆಯಲ್ಲಿ ಮೊದಲು ಅಂಕಿಯೇ ಇರಲಿಲ್ಲ, ಈಗ ಪಕ್ಕದ ಗೆರೆಗಳ ಹತ್ತಿರ ಹತ್ತಿರ ತೋರಿಸುತ್ತಿದೆ. ಪಕ್ಕಕ್ಕೆ ಸೋರಿಕೆ ಇಲ್ಲ. ಎಂಟೂ ಕೀ ಬೀಳುತ್ತಿವೆ, ಬಿಸಿಯಾದ ಮೇಲೂ. ಪಾರ್ಟ್ ನಂಬರ್ ಬರೆದುಕೊಂಡಿದ್ದೇನೆ. ಮೊಳೆ ಕರಗಿಸಿದ ಕೀಬೋರ್ಡ್ ಆದ್ದರಿಂದ ಕವಚದ ಸಮೇತವೇ ತರಿಸುತ್ತೇನೆ.